ಬೋಲ್ಟ್ ತಲೆ ಕಿತ್ತು ಬಂದಿದೆ, ಈಜಿ ಔಟ್ ಹಾಕಲಾ?

ಪ್ರಶ್ನೆ: ಸರ್, ಅಪ್ಪನ ಹಳೇ ಯೆಜ್ಡಿ ರೋಡ್‌ಕಿಂಗ್ ಬೈಕ್ ಬಿಚ್ಚುತ್ತಿದ್ದೇನೆ. ವರ್ಷಗಟ್ಟಲೆ ಶೆಡ್‌ನಲ್ಲಿ ನಿಂತಿದ್ದ ಗಾಡಿ. ಎಂಜಿನ್ ಕವರ್ ಸ್ಕ್ರೂಗಳು ಜಪ್ಪಯ್ಯ ಅಂದರೂ ಅಲ್ಲಾಡುತ್ತಿಲ್ಲ. ಒಂದರ ತಲೆ ಕಿತ್ತೇ ಬಂತು. ಮುರಿದ ಬೋಲ್ಟ್ ತೆಗೆಯುವ ಈಜಿ ಔಟ್ ಸೆಟ್ ತಂದಿಟ್ಟುಕೊಂಡಿದ್ದೇನೆ, ಹಾಕಲಾ?

ಬೇಡ. ಅದನ್ನು ಡಬ್ಬಿಯಿಂದ ತೆಗೆಯಲೇಬೇಡಿ.

ಯಾಕೆ ಅಂತ ಹೇಳ್ತೀನಿ. ನಿಮ್ಮ ಸ್ಕ್ರೂ 6 ಎಂಎಂ ದಪ್ಪದ್ದು. ಅಷ್ಟು ದಪ್ಪದ್ದೇ ತಿರುಗಲಾರದೆ ಮುರಿಯಿತು. ಅದರ ನಡುವೆ ತೂತು ಕೊರೆದು ಇಳಿಸುವ ಈಜಿ ಔಟ್ ಇನ್ನೂ ಸಣ್ಣದು. ತುಂಬಾ ಗಟ್ಟಿ, ಆದರೆ ಬಾಗುವ ಗುಣ ಇಲ್ಲ, ಹಾಗಾಗಿ ಟಪ್ ಅಂತ ಒಳಗೇ ಮುರಿಯುತ್ತದೆ. ಅದರ ಮೇಲೆ ಮಾಮೂಲಿ ಡ್ರಿಲ್ ಬಿಟ್ ಓಡುವುದಿಲ್ಲ. ಆಮೇಲೆ ಎಂಜಿನ್ ಕೇಸನ್ನು ಹೊತ್ತುಕೊಂಡು ಬೆಂಗಳೂರಿನ ಪೀಣ್ಯದಂಥ ಕಡೆ ಸ್ಪಾರ್ಕ್ ಎರೋಷನ್ ಮಷೀನ್ (ವಿದ್ಯುತ್ ಕಿಡಿಯಿಂದ ಲೋಹ ಸವೆಸುವಂಥದ್ದು) ಇರುವ ಟೂಲ್ ರೂಮ್ ಹುಡುಕಬೇಕು. ಇನ್ನೊಂದು ವಿಷಯ, ಈಜಿ ಔಟ್ ಬೆಣೆಯ ಆಕಾರದಲ್ಲಿರುತ್ತದೆ, ಒಳಗೆ ಇಳಿದಷ್ಟೂ ಸ್ಕ್ರೂವನ್ನು ಹೊರಕ್ಕೆ ಒತ್ತಿ ಇನ್ನಷ್ಟು ಬಿಗಿ ಮಾಡುತ್ತದೆ. ಜಾಸ್ತಿ ಟೈಟ್ ಮಾಡಿ ಮುರಿದ, ತುಕ್ಕೇ ಇಲ್ಲದ ಬೋಲ್ಟ್‌ಗೆ ಅದು ಸರಿ. ಹಿಡಿದು ಕೂತಿದ್ದಕ್ಕೆ ಅಲ್ಲ.

ನಿಮ್ಮ ವಿಷಯದಲ್ಲಿ ಒಂದು ಒಳ್ಳೇ ಸುದ್ದಿ ಇದೆ. ತಲೆ ಮಾತ್ರ ಹೋಗಿದೆ ಅಂದರೆ ಕವರ್ ಬಿಚ್ಚಿದ ಮೇಲೆ ಸ್ಕ್ರೂವಿನ ಮೈ ಹೊರಗೆ ಎದ್ದು ನಿಂತಿರುತ್ತದೆ. ತಲೆ ಇದ್ದಾಗ ಇದ್ದ ಎಳೆತವೂ ಈಗ ಇಲ್ಲ. ಬುಡಕ್ಕೆ ಸ್ವಲ್ಪ ಬಿಸಿ ಕೊಟ್ಟು ವೈಸ್ ಗ್ರಿಪ್‌ನಲ್ಲಿ (ಕಚ್ಚಿ ಲಾಕ್ ಆಗುವ ಇಕ್ಕಳ) ಹಿಡಿದರೆ ಎಷ್ಟೋ ಸಲ ಸುಲಭವಾಗಿ ತಿರುಗುತ್ತದೆ. ಆದ್ದರಿಂದ ಮೊದಲು ಉಳಿದ ಸ್ಕ್ರೂಗಳನ್ನು ಮುರಿಯದೆ ಬಿಚ್ಚೋಣ.

ಅವು ಯಾಕೆ ಹಿಡಿದಿವೆ ಗೊತ್ತಾದರೆ ಅರ್ಧ ಕೆಲಸ ಆಯ್ತು. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಬಿಚ್ಚದೆ ಬಿಟ್ಟಿದ್ದರೆ ಆ ಸ್ಕ್ರೂಗಳು ಕೂತು ಅದಕ್ಕಿಂತ ಹೆಚ್ಚು ವರ್ಷ ಆಗಿರಬಹುದು. ಸ್ಕ್ರೂ ಉಕ್ಕಿನದು, ಕೇಸು ಅಲ್ಯೂಮಿನಿಯಂನದು. ನಡುವೆ ತೇವ ಸೇರಿದರೆ ಅಲ್ಯೂಮಿನಿಯಂ ಸವೆದು ಬಿಳೀ ಪುಡಿಯಾಗುತ್ತದೆ, ಉಕ್ಕಿಗೆ ತುಕ್ಕು ಬರುತ್ತದೆ. ಎರಡೂ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಡುವ ವಸ್ತುಗಳು. ಥ್ರೆಡ್ ಸಂದಿನಲ್ಲಿ ಆ ಜಾಗ ಎಲ್ಲಿದೆ? ಅದಕ್ಕೇ ಅಲ್ಲೇ ಒತ್ತಿಕೊಂಡು ಕೂತಿರುತ್ತದೆ. ನೀವು ಮುರಿಯಬೇಕಿರುವುದು ಆ ಪುಡಿಯ ಪದರವನ್ನು, ಸ್ಕ್ರೂವನ್ನಲ್ಲ.

ವೈರ್ ಬ್ರಷ್‌ನಲ್ಲಿ ತಲೆಯನ್ನೂ ಸುತ್ತಲನ್ನೂ ಚೆನ್ನಾಗಿ ಉಜ್ಜಿ, ಸ್ಲಾಟಿನೊಳಗಿನ ಮಣ್ಣು ಕೆರೆದು ತೆಗೆದು, ಪೆನೆಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ತಲೆಯ ಮೇಲೆ ನೇರವಾಗಿ ನಾಲ್ಕು ಏಟು ಕೊಟ್ಟು ಮತ್ತೆ ಹಾಕಿ. ಏಟಿನಿಂದ ಪುಡಿ ಬಿರುಕು ಬಿಟ್ಟರೆ ತಾನೇ ಎಣ್ಣೆ ಒಳಗೆ ಹೋಗುವುದು? ಡಬ್ಲ್ಯುಡಿ-40 ಮುಖ್ಯವಾಗಿ ನೀರು ಓಡಿಸಲು ಮಾಡಿದ್ದು, ಏನೂ ಇಲ್ಲದಿದ್ದರೆ ನಡೆಯುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸ್‌ಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನ್ ಸಮ ಸಮ ಬೆರೆಸಿದ್ದನ್ನು ಹಳೇ ಕೈಗಳು ಬಳಸುತ್ತವೆ. ಅದು ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ, ಬಣ್ಣವನ್ನೂ ತಿನ್ನುತ್ತದೆ, ನೋಡಿಕೊಂಡು ಹಾಕಿ.

ಆಮೇಲೆ ಬಿಸಿ. ನನ್ನ ಪ್ರಕಾರ ಬೇರೆ ಎಲ್ಲಕ್ಕಿಂತ ಇದೇ ದೊಡ್ಡ ಉಪಾಯ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ಅಂದರೆ ಕೇಸು ಬಿಸಿಯಾದರೆ ತೂತು ಸ್ಕ್ರೂಗಿಂತ ಜಾಸ್ತಿ ದೊಡ್ಡದಾಗುತ್ತದೆ. ಸ್ಕ್ರೂವನ್ನಲ್ಲ, ಸುತ್ತಲಿನ ಕೇಸನ್ನು ಕಾಯಿಸಿ. ಇದಕ್ಕೆ ಹೀಟ್ ಗನ್ ಸಾಕು. ಗ್ಯಾಸ್ ಟಾರ್ಚ್ ಹಿಡಿಯುವವರಿಗೆ ಒಂದು ಮಾತು: ಉಕ್ಕಿನಂತೆ ಕೆಂಪಾಗಿ ಅಲ್ಯೂಮಿನಿಯಂ ಮುನ್ಸೂಚನೆ ಕೊಡುವುದಿಲ್ಲ, ಶುದ್ಧ ಅಲ್ಯೂಮಿನಿಯಂ ಕರಗುವ 660 ಡಿಗ್ರಿಗೂ ಮೊದಲೇ ಎಂಜಿನ್ ಕೇಸಿನ ಮಿಶ್ರಲೋಹ ಸುಮ್ನೆ ಕುಸಿಯುತ್ತದೆ. ಟ್ಯಾಂಕ್, ಕಾರ್ಬುರೇಟರ್ ಬಿಚ್ಚಿ ದೂರ ಇಟ್ಟಿರಬೇಕು, ಸುರಿದ ಎಣ್ಣೆ ಒರೆಸಿರಬೇಕು. ಬ್ರೇಕ್ ಕ್ಲೀನರ್ ಸ್ಪ್ರೇ ಹೊಡೆದ ಜಾಗಕ್ಕೆ ಬೆಂಕಿ ತೋರಿಸಲೇಬೇಡಿ, ಕ್ಲೋರಿನ್ ಇರುವ ಬಗೆಯದಾದರೆ ವಿಷದ ಗಾಳಿ ಏಳುತ್ತದೆ. ಬಿಸಿಯಿದ್ದಾಗಲೇ ಸ್ಕ್ರೂ ಬುಡಕ್ಕೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಸಂದಿಗೆ ಇಳಿಯುತ್ತದೆ.

ಈಗ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್ ಹಿಡಿಯಿರಿ. ಬಿಟ್ ಸ್ಲಾಟಿನಲ್ಲಿ ತುಂಬಿಕೊಂಡು ಕೂರಬೇಕು. ಸ್ಕ್ರೂ ಕೂದಲೆಳೆಯಷ್ಟು ಕದಲಿದರೆ ಖುಷಿಯಲ್ಲಿ ಒಂದೇ ಸಮ ಬಿಚ್ಚಬೇಡಿ. ಸ್ವಲ್ಪ ಸಡಿಲ, ಸ್ವಲ್ಪ ಬಿಗಿ, ಮತ್ತೆ ಎಣ್ಣೆ, ಹೀಗೆ ಆಡಿಸಿ. ನಟ್‌ಗಳಿಗಾದರೆ ಆರು ಮೂಲೆಯ ಸಾಕೆಟ್ಟೇ ಬೇಕು, ಬಾಯಿ ತೆರೆದ ಸ್ಪ್ಯಾನರ್ ಮೂಲೆ ತಿಂದುಬಿಡುತ್ತದೆ. ಎಳೆಯುವಾಗ ಕೈಗೆ ಮೆತ್ತಗೆ, ರಬ್ಬರಿನಂತೆ ಬಂದ ಅನುಭವ ಆದರೆ ತಕ್ಷಣ ನಿಲ್ಲಿಸಿ. ಅದು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಅಲ್ಲಿ ನಿಲ್ಲಿಸಿ ಮತ್ತೆ ಬಿಸಿ ಕೊಟ್ಟವರ ಬೋಲ್ಟ್ ಉಳಿಯುತ್ತದೆ.

ವೈಸ್ ಗ್ರಿಪ್‌ಗೂ ಬಗ್ಗದ ಮೊಂಡಿಗೆ ನಟ್ ವೆಲ್ಡ್ ಮಾಡಿಸಿ. ಮೊಂಡಿನ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ತುಂಬುವುದು. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಜೊತೆಗೆ ಆ ಬಿಸಿಗೆ ಥ್ರೆಡ್‌ನ ಹಿಡಿತವೂ ಬಿಡುತ್ತದೆ. ಕೆಂಪು ಆರಿದ ಮೇಲೆ ತಿರುಗಿಸಿ. ಸಣ್ಣ ಮೊಂಡಿಗೆ ನುರಿತ ಕೈಯವರೇ ಬೇಕು, ಕೇಸೇ ಬೇರೆ ಸಿಗುವುದು ಕಷ್ಟ ಅಲ್ವಾ.

ಕೇಸಿನ ಮಟ್ಟಕ್ಕೇ ಮುರಿದಿದ್ದರೆ ಮಾತ್ರ ಡ್ರಿಲ್. ಇಲ್ಲಿ ಕಷ್ಟ ಏನಂದರೆ ಬಿಟ್ ಗಟ್ಟಿ ಉಕ್ಕು ಬಿಟ್ಟು ಪಕ್ಕದ ಮೆದು ಅಲ್ಯೂಮಿನಿಯಂಗೆ ಜಾರುತ್ತದೆ. ಲೇತ್ ಅಂಗಡಿಯಲ್ಲಿ ಒಂದು ಬುಷ್ (ಸಣ್ಣ ಲೋಹದ ಕೊಳವೆ) ಮಾಡಿಸಿ, ಹೊರಗೆ ಕವರಿನ ತೂತಿಗೆ ಸರಿಯಾಗಿ ಕೂರುವಂತೆ, ಒಳಗೆ 3 ಎಂಎಂ ತೂತು. ಕವರನ್ನು ಉಳಿದ ಸ್ಕ್ರೂಗಳಿಂದ ಬಿಗಿದು, ಬುಷ್ ಮೂಲಕ ಕೊರೆದರೆ ನಡುವಿಗೇ ಹೋಗುತ್ತದೆ. ಎಡಕ್ಕೆ ಕೊರೆಯುವ ಬಿಟ್ ಸಿಕ್ಕರೆ ಇನ್ನೂ ಒಳ್ಳೇದು, ಕೊರೆಯುವಾಗಲೇ ಮೊಂಡು ತಿರುಗಿ ಬರುವುದುಂಟು. ಹಾಗೇ 4, ಕೊನೆಗೆ 5 ಎಂಎಂ. ಅಷ್ಟಕ್ಕೆ ಉಳಿಯುವುದು ತೆಳು ಥ್ರೆಡ್ ಸುರುಳಿ, ಕೆರೆದು ತೆಗೆದು, ಥ್ರೆಡ್ ಕೊರೆಯುವ 6 ಎಂಎಂ ಟ್ಯಾಪ್ ಓಡಿಸಿ. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಿ, ಹಳೇದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತದೆ.

ಈಗಾಗಲೇ ಈಜಿ ಔಟ್ ಮುರಿದುಕೊಂಡು ಓದುತ್ತಿರುವವರಿಗೆ ಗ್ರಂಥಿಗೆ ಅಂಗಡಿಯ ಪಟಿಕ ಇದೆ. ಬಿಸಿ ನೀರಿಗೆ ಕರಗುವಷ್ಟೂ ಪಟಿಕ ಹಾಕಿ, ಬಿಸಿ ಆರದಂತೆ ನೋಡಿಕೊಂಡರೆ ಅದು ಉಕ್ಕನ್ನು ನಿಧಾನಕ್ಕೆ ತಿಂದುಹಾಕುತ್ತದೆ, ಅಲ್ಯೂಮಿನಿಯಂಗೆ ಹೆಚ್ಚೇನೂ ಮಾಡುವುದಿಲ್ಲ. ಗಡಿಯಾರ ರಿಪೇರಿಯವರ ಹಳೇ ವಿದ್ಯೆ ಇದು. ಬೇರಿಂಗ್, ಪಿನ್ನು, ಉಕ್ಕಿನ ಪ್ರತಿಯೊಂದು ಚೂರನ್ನೂ ಕೇಸಿನಿಂದ ಮೊದಲೇ ತೆಗೆದಿರಬೇಕು, ಇಲ್ಲದಿದ್ದರೆ ಅವನ್ನೂ ತಿನ್ನುತ್ತದೆ. ತಾಳ್ಮೆಯೂ ಬೇಕು, ದಿನಗಟ್ಟಲೆ ಹಿಡಿಯಬಹುದು.

ಮತ್ತೆ ಜೋಡಿಸುವಾಗ ಥ್ರೆಡ್‌ಗೆ ಟ್ಯಾಪ್ ಓಡಿಸಿ ಪುಡಿ ತೆಗೆದು, ಪ್ರತಿ ಸ್ಕ್ರೂಗೂ ಮತ್ತೆ ಹಿಡಿದುಕೊಳ್ಳದಂತೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚಿ. ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ಸ್ಕ್ರೂ ಹಾಕುವವರು ಇದನ್ನು ಮರೆಯಲೇಬಾರದು, ಸ್ಟೇನ್‌ಲೆಸ್‌ಗೆ ತುಕ್ಕು ಬಾರದಿದ್ದರೂ ಪಕ್ಕದ ಅಲ್ಯೂಮಿನಿಯಂ ಸವೆಯುತ್ತದೆ. ಆಂಟಿ ಸೀಜ್ ಹಚ್ಚಿದ ಸ್ಕ್ರೂ ಜಾರುವುದರಿಂದ ಮಾಮೂಲಿಗಿಂತ ಸ್ವಲ್ಪ ಕಡಿಮೆ ಬಿಗಿ ಮಾಡಿ.