ಹಳೇಬೀಡಿನ ಗೋಡೆ ಡಿವಿಡಿಯಲ್ಲಿ ಕಲಸಿಹೋದದ್ದೇಕೆ?

ಮಂಡಿನೋವಿನಿಂದ ದೂರ ಹೊರಡಲಾಗದ ದೊಡ್ಡಮ್ಮನಿಗೆ ತೋರಿಸೋಣವೆಂದು ಹಳೇಬೀಡು, ಮುಳ್ಳಯ್ಯನಗಿರಿ ಎರಡನ್ನೂ ಫೋನಿನಲ್ಲಿ ಹಿಡಿದುಕೊಂಡು ಚಿಕ್ಕಮಗಳೂರಿನ ಅವರ ಮನೆಗೆ ಹೋಗಿದ್ದೆ. ಪೆನ್‌ಡ್ರೈವನ್ನು ಟಿವಿಗೆ ಹಾಕಿದರೆ ಮಕ್ಕಳ ಗಲಾಟೆ, ಬೆಟ್ಟದ ಗಾಳಿ ಎಲ್ಲ ಕೇಳುತ್ತಿದೆ. ಪರದೆ ಮಾತ್ರ ಕಪ್ಪು. "ದನಿ ಬರ್ತಾ ಇದ್ಯಲ್ಲೋ, ಚಿತ್ರ ಎಲ್ಲೋಯ್ತು?" ಎಂದರು ದೊಡ್ಡಮ್ಮ.

ಅವರ ಪ್ರಶ್ನೆ ಸರಿಯಾದ ಜಾಗಕ್ಕೇ ಬಿದ್ದಿತ್ತು. ಎಂಪಿ4, ಎಂಕೆವಿ, ಎವಿಐ ಎಂದು ಫೈಲಿನ ಹೆಸರಿನ ಕೊನೆಗೆ ಕಾಣುವುದು ಬರೀ ಚೀಲದ ಗುರುತು. ಕಾಫಿ ಚೀಲದೊಳಗೆ ಪಾರ್ಚ್‌ಮೆಂಟ್ ಇದೆಯೋ ಚೆರಿ ಇದೆಯೋ ಎಂದು ಬಿಚ್ಚಿ ನೋಡಿದರೆ ತಾನೇ ಗೊತ್ತಾಗುವುದು? ಈ ಚೀಲದಲ್ಲಿ ಚಿತ್ರ, ಧ್ವನಿ ಬೇರೆಬೇರೆ ಕಟ್ಟುಗಳಾಗಿ ಕೂತಿರುತ್ತವೆ. ಒಂದೊಂದನ್ನೂ ಕುಗ್ಗಿಸಿದ ಬಗೆ ಬೇರೆ. ಅದಕ್ಕೆ ಕೋಡೆಕ್ ಎನ್ನುತ್ತಾರೆ. ನನ್ನ ಫೋನು ಚಿತ್ರವನ್ನು 2013ರಲ್ಲಿ ಬಂದ ಎಚ್.265 ಬಗೆಯಲ್ಲಿ ಕಟ್ಟಿತ್ತು. ದೊಡ್ಡಮ್ಮನ ಟಿವಿಯ ಚಿಪ್‌ಗೆ ಗೊತ್ತಿದ್ದದ್ದು 2003ರ ಎಚ್.264 ಮಾತ್ರ. ಧ್ವನಿಯ ಕಟ್ಟನ್ನು ಅದು ಬಿಚ್ಚಿತು, ಚಿತ್ರದ್ದನ್ನು ಬಿಚ್ಚಲಾಗಲಿಲ್ಲ.

ಆದ್ದರಿಂದ ಕನ್ವರ್ಟ್ ಮಾಡುವ ಮುನ್ನ ತೊಂದರೆ ಚೀಲದ್ದೋ ಒಳಗಿನದ್ದೋ ಎಂದು ನೋಡಲೇಬೇಕು. ಚೀಲದ್ದಷ್ಟೇ ಆದರೆ ಎಫ್‌ಎಫ್‌ಎಂಪೆಗ್‌ನಂಥ ಉಚಿತ ತಂತ್ರಾಂಶ ಒಳಗಿನದನ್ನು ಮುಟ್ಟದೆ ಬೇರೆ ಚೀಲಕ್ಕೆ ಸುರಿಯುತ್ತದೆ. ಕೆಲವೇ ನಿಮಿಷದ ಕೆಲಸ, ಚಿತ್ರ ಒಂದಿಷ್ಟೂ ಕೆಡುವುದಿಲ್ಲ. ಗೊತ್ತಿಲ್ಲದೆ ಎಲ್ಲವನ್ನೂ ಹೊಸದಾಗಿ ಕುಗ್ಗಿಸಿದರೆ ಪ್ರತಿ ಸಲವೂ ಚಿತ್ರದ ಒಂದಷ್ಟು ಶಾಶ್ವತವಾಗಿ ಹೋಗುತ್ತದೆ. ಮದುವೆಯ, ನಾಮಕರಣದ ಮೂಲ ಫೈಲನ್ನು ಅಳಿಸಿ ಕನ್ವರ್ಟ್ ಆದದ್ದನ್ನಷ್ಟೇ ಇಟ್ಟುಕೊಂಡವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ದೊಡ್ಡಮ್ಮನ ಕೈಗೆ ಪಳಗಿದ್ದು ಹಳೆಯ ಡಿವಿಡಿ ಪ್ಲೇಯರ್. ಡಿಸ್ಕೇ ಮಾಡಿಕೊಡೋಣ ಎಂದುಕೊಂಡೆ. ಡಿವಿಡಿಯ ಭಾಷೆ ಇನ್ನೂ ಹಳೆಯದು, ಎಂಪೆಗ್-2. ನಮ್ಮಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯಲ್ಲಿ ಚಿತ್ರದ ಅಳತೆ 720×576 ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಫೋನಿನ 4ಕೆ ಚಿತ್ರದ 20 ಚುಕ್ಕಿಗಳ ಜಾಗದಲ್ಲಿ ಇಲ್ಲಿ ಒಂದೇ ಚುಕ್ಕಿ! ಇಷ್ಟು ಚಿಕ್ಕ ಚಿತ್ರವನ್ನೂ ಕುಗ್ಗಿಸದೆ ಬರೆದರೆ, ಚುಕ್ಕಿಗೆ ಮೂರು ಬೈಟ್‌ನಂತೆ, ಸೆಕೆಂಡಿಗೆ 31 ಮೆಗಾಬೈಟ್ ಬೇಕು. 4.7 ಗಿಗಾಬೈಟ್‌ನ ಡಿಸ್ಕು ಎರಡೂವರೆ ನಿಮಿಷಕ್ಕೆ ತುಂಬಿಹೋಗುತ್ತದೆ.

ಹಾಗಿದ್ದೂ ಗಂಟೆಗಟ್ಟಲೆ ಹಿಡಿಸುವುದು ಹೇಗೆ? ಎರಡು ಉಪಾಯಗಳಿಂದ. ಒಂದು, ಇಡೀ ಚಿತ್ರವನ್ನು ಆಗೊಮ್ಮೆ ಈಗೊಮ್ಮೆ ಬರೆದು, ನಡುವಿನ ಚಿತ್ರಗಳಿಗೆ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುವುದು. ಎರಡನೆಯದರ ಹಿಂದೆ ನಮ್ಮ ನಾಡಿನವರೇ ಇದ್ದಾರೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂಬ ಗಣಿತವನ್ನು ಪ್ರಕಟಿಸಿದರು. ಎಂಪೆಗ್-2 ಚಿತ್ರವನ್ನು 8×8 ಚುಕ್ಕಿಗಳ ಚೌಕಗಳಾಗಿ ಕತ್ತರಿಸುತ್ತದೆ. ಈ ಗಣಿತ ಒಂದೊಂದು ಚೌಕವನ್ನೂ ನಿಧಾನ ಏರಿಳಿತ, ಚುರುಕು ಏರಿಳಿತ ಎಂದು ಅಲೆಗಳಾಗಿ ಬಿಡಿಸಿಡುತ್ತದೆ. ಚುರುಕು ಏರಿಳಿತವೆಂದರೆ ಚಿತ್ರದ ಸಣ್ಣ ವಿವರ. ಅದು ತುಸು ಕಡಿಮೆಯಾದರೆ ನಮ್ಮ ಕಣ್ಣಿಗೆ ಗೊತ್ತಾಗದು, ಎಸೆಯುವುದು ಅದನ್ನೇ.

ಆದರೆ ಹಳೇಬೀಡಿನ ಗೋಡೆಯಲ್ಲಿ ಸಣ್ಣ ವಿವರ ಬಿಟ್ಟರೆ ಉಳಿಯುವುದಾದರೂ ಏನು? ಬಳಪದ ಕಲ್ಲಿನ ಮೇಲೆ ಆನೆ, ಸಿಂಹ, ಬಳ್ಳಿ, ಕುದುರೆಗಳ ಸಾಲುಗಳು ಒಂದರ ಮೇಲೊಂದು. ಅದೂ ನಾನು ನಡೆಯುತ್ತಾ, ಕೈ ಅಲುಗಿಸುತ್ತಾ ಹಿಡಿದದ್ದು. ಪ್ರತಿ ಚಿತ್ರವೂ ಹೊಸದು, ಪ್ರತಿ ಚೌಕವೂ ತುಂಬಿದ್ದು. ಎರಡು ಉಪಾಯವೂ ಒಟ್ಟಿಗೆ ಕೈಕೊಟ್ಟವು. ಮೂರು ಗಂಟೆಯದನ್ನು ಒಂದೇ ಡಿಸ್ಕಿಗೆ ತುಂಬಿದ್ದರಿಂದ ಸೆಕೆಂಡಿಗೆ ಸುಮಾರು 3.5 ಮೆಗಾಬಿಟ್ (ಎಂಟು ಬಿಟ್ ಸೇರಿದರೆ ಒಂದು ಬೈಟ್) ಮಾತ್ರ ಸಿಕ್ಕಿತ್ತು. ಶಿಲ್ಪಗಳು ಕಲಸಿದ ಅವಲಕ್ಕಿಯಂತೆ ಕಂಡವು.

ಮುಳ್ಳಯ್ಯನಗಿರಿಯ ಮಂಜು ಸುಲಭವಿರಬೇಕಿತ್ತು, ಅಲ್ಲಿ ವಿವರವೇ ಇಲ್ಲ. ಆದರೂ ಅದು ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಪಟ್ಟೆಯಾಗಿ ಕಂಡಿತು. ಡಿವಿಡಿಯಲ್ಲಿ ಬೆಳಕಿನ ಹಂತಗಳು 256ಕ್ಕಿಂತ ಹೆಚ್ಚಿಲ್ಲ, ಮಂಜು ಬಳಸುವುದು ಅದರಲ್ಲೂ ಕೆಲವೇ ಹಂತಗಳನ್ನು. ಕುಗ್ಗಿಸುವಾಗ ಅಕ್ಕಪಕ್ಕದ ಹಂತಗಳು ಒಂದಾಗಿಬಿಟ್ಟರೆ, ನಯವಾದ ಬಿಳುಪಿನಲ್ಲಿ ಗೆರೆ ಎದ್ದು ಕಾಣುತ್ತದೆ.

ಫೋನು ಸೆಕೆಂಡಿಗೆ 30 ಚಿತ್ರ ಹಿಡಿದಿತ್ತು. 25ಕ್ಕೆ ಇಳಿಸಲು ಐದನ್ನು ಬಿಡಬೇಕಾಗಿ, ಓಡುವ ಮಕ್ಕಳು ಮುಗ್ಗರಿಸಿದಂತೆ ಕಾಣುತ್ತಿದ್ದರು. ಎರಡನೆಯ ಸಲ ಎನ್‌ಟಿಎಸ್‌ಸಿ ಪದ್ಧತಿ ಆರಿಸಿದೆ. ಅದರಲ್ಲಿ ಸೆಕೆಂಡಿಗೆ 29.97 ಚಿತ್ರ, 480 ಸಾಲು. ದೊಡ್ಡಮ್ಮನ ಪ್ಲೇಯರ್ ಎರಡನ್ನೂ ಓದುತ್ತದೆ. ವಿಡಿಯೋವನ್ನು ಒಂದೂವರೆ ಗಂಟೆಗೆ ಕತ್ತರಿಸಿದೆ, ಸೆಕೆಂಡಿಗೆ ಸುಮಾರು 7 ಮೆಗಾಬಿಟ್ ಸಿಕ್ಕಿತು. ತಂತ್ರಾಂಶಕ್ಕೆ ಎರಡು ಸುತ್ತು ಹೇಳಿದೆ: ಮೊದಲ ಸುತ್ತಿನಲ್ಲಿ ಎಲ್ಲಿಗೆ ಎಷ್ಟು ಬೇಕೆಂದು ಅಳೆದು, ಎರಡನೆಯದರಲ್ಲಿ ಹಂಚುವುದು. ಮಾತಾಡುತ್ತಾ ಕೂತ ದೃಶ್ಯಗಳಲ್ಲಿ ಉಳಿದದ್ದು ಗೋಡೆಗೆ ಹೋಯಿತು. ಮಂಜಿನ ಚಿತ್ರದ ಮೇಲೆ ತಂತ್ರಾಂಶದಿಂದಲೇ ರವೆಯಂಥ ಸಣ್ಣ ಚುಕ್ಕಿಗಳನ್ನು ಬೆರೆಸಿದೆ. ಪಟ್ಟೆಗಳ ಅಂಚು ಒಡೆದುಹೋಯಿತು.

ಡಿಸ್ಕ್ ಹಾಕಿದ ಸ್ವಲ್ಪ ಹೊತ್ತಿಗೇ "ಅಲ್ಲೇ ನಿಲ್ಸೋ" ಎಂದರು ದೊಡ್ಡಮ್ಮ. ಕನ್ನಡಕ ಸರಿಮಾಡಿಕೊಂಡು, ಗೋಡೆಯ ತಳದ ಸಾಲಿನ ಆನೆಗಳನ್ನು ಬೆರಳು ತೋರಿಸುತ್ತಾ ಎಣಿಸತೊಡಗಿದರು.