ರಿಪೋರ್ಟ್ ನಾರ್ಮಲ್, ಮಾತ್ರೆ ಮಾತ್ರ ಹೆಚ್ಚು

ಶಿಡ್ಲಘಟ್ಟದ ಕಡೆಯಿಂದ ಬಂದಿದ್ದ 72 ವರ್ಷದ ಅಜ್ಜಿಗೆ ಎರಡು ವಾರದಿಂದ ಮುದ್ದೆ ಸೇರುತ್ತಿರಲಿಲ್ಲ. ನೋಡಿದರೆ ವಾಕರಿಕೆ. ‘ಅಮ್ಮನಿಗೆ ಗ್ಯಾಸ್ಟ್ರಿಕ್ ಮೇಡಂ’ ಎಂದ ಮಗ, ಅದಕ್ಕೆಂದು ಕೊಂಡಿದ್ದ ಮಾತ್ರೆಗಳನ್ನೂ ತೋರಿಸಿದ. ಚಿಕ್ಕಬಳ್ಳಾಪುರದ ಸುತ್ತಮುತ್ತ ಹೊಟ್ಟೆಯಲ್ಲಿ ಏನೇ ಆದರೂ ಅದು ಗ್ಯಾಸ್ಟ್ರಿಕ್ಕೇ. ಎದೆನೋವನ್ನೂ ಅದೇ ಖಾತೆಗೆ ಬರೆಯುವವರಿದ್ದಾರೆ. ಟ್ಯೂಬ್‌ಲೈಟ್ ಹಳದಿಯಾಗಿ ಕಾಣುತ್ತಿದೆ ಎಂದು ಅಜ್ಜಿ ಹೇಳಿದ್ದನ್ನು ಮನೆಯವರು ಪೊರೆ ಬಂದಿರಬೇಕು ಎಂದುಕೊಂಡು ಸುಮ್ಮನಾಗಿದ್ದರು.

ಹೃದಯದ ದೌರ್ಬಲ್ಯಕ್ಕೆ ಆಕೆ ಡಿಗಾಕ್ಸಿನ್ 0.25 ಮಿಲಿಗ್ರಾಂ ಮಾತ್ರೆಯನ್ನೂ, ಕಾಲಿನ ಊತಕ್ಕೆ ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯನ್ನೂ ನುಂಗುತ್ತಿದ್ದರು. ಡಿಗಾಕ್ಸಿನ್ ಚೀಟಿಯಲ್ಲಿದ್ದುದು ವಾರಕ್ಕೆ ಐದೇ ದಿನ, ಶನಿವಾರ–ಭಾನುವಾರ ರಜೆ. ಮಗ ಏಳು ದಿನವೂ ಕೊಟ್ಟಿದ್ದ. ‘ಭಾನುವಾರ ಕಾಯಿಲೆಗೆ ರಜೆ ಇರುತ್ತದೆಯೇ?’ ಎಂಬುದು ಅವನ ಪ್ರಶ್ನೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿರುವ ಈ ರಜೆಯ ಪದ್ಧತಿ ನನಗೆ ಹಿಡಿಸುವುದಿಲ್ಲ. ರೋಗಿಗೆ ಒಪ್ಪುವ ಸಣ್ಣ ಡೋಸನ್ನು ದಿನವೂ ಕೊಡುವುದೇ ನೇರವಾದ ದಾರಿ.

ಕಡತದಲ್ಲಿ, ಕಿಡ್ನಿ ರಕ್ತದಿಂದ ಹೊರಹಾಕುವ ಕಲ್ಮಶವಾದ ಕ್ರಿಯಾಟಿನಿನ್ 1.1 ಎಂದಿತ್ತು. ಲ್ಯಾಬಿನ ಮಿತಿಯೊಳಗಿನ ಸಂಖ್ಯೆಯಾದ್ದರಿಂದ ಕಿಡ್ನಿ ಸರಿಯಾಗಿದೆ ಎಂದು ಎಲ್ಲರೂ ನಂಬಿದ್ದರು. ತೂಕದ ಜಾಗ ಮಾತ್ರ ಖಾಲಿ. ಕೇಳಿದರೆ ಅಜ್ಜಿ ‘ಐವತ್ತು’ ಎಂದರು. ಯಾವ ಕಾಲದ ಐವತ್ತೋ! ವಾರ್ಡಿನ ಯಂತ್ರದ ಮೇಲೆ ಎಲೆಅಡಿಕೆ ಚೀಲದ ಸಮೇತ ಹತ್ತಿ ನಿಂತರು. ಚೀಲ ಕೆಳಗಿಡಿಸಿ ನೋಡಿದರೆ 38 ಕಿಲೋ.

ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಮೈಯಲ್ಲಿ ಮಾಂಸವೇ ಇಲ್ಲದ ವೃದ್ಧೆಯಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಸೋತರೂ ರಕ್ತದಲ್ಲಿ ಸಂಖ್ಯೆ ಅಷ್ಟಾಗಿ ಏರುವುದಿಲ್ಲ. ಕಿಡ್ನಿ ರಕ್ತವನ್ನು ಎಷ್ಟು ವೇಗವಾಗಿ ಶುದ್ಧ ಮಾಡುತ್ತಿದೆ ಎಂದು ಅಂದಾಜಿಸಲು ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ 1976ರಲ್ಲಿ ಪ್ರಕಟಿಸಿದ ಸೂತ್ರವನ್ನು ನಾವು ಇಂದಿಗೂ ಬಳಸುವುದು ಇದಕ್ಕಾಗಿಯೇ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಬೇಕು; ಹೆಂಗಸರಾದರೆ ಉತ್ತರವನ್ನು ಮತ್ತೆ 0.85ರಿಂದ ಗುಣಿಸಬೇಕು. ಅಜ್ಜಿಯ ಲೆಕ್ಕ ನಿಮಿಷಕ್ಕೆ 28 ಮಿಲಿಲೀಟರಿಗೆ ಬಂತು. ಆರೋಗ್ಯವಂತ ಯುವಕರಲ್ಲಿ ಇದು ನೂರರ ಆಸುಪಾಸಿನಲ್ಲಿರುತ್ತದೆ. ಅವರು ಹೇಳಿದ ಐವತ್ತನ್ನೇ ನಂಬಿದ್ದರೆ 36 ಎಂದುಕೊಂಡು ಮುಂದೆ ಹೋಗುತ್ತಿದ್ದೆ.

ಡಿಗಾಕ್ಸಿನ್ ಬಹುಪಾಲು ಮೂತ್ರದಲ್ಲೇ ಹೊರಹೋಗುತ್ತದೆ. ತೂಬು ಅರ್ಧ ಮುಚ್ಚಿಹೋದ ಕೆರೆಗೆ ಮೊದಲಿನಷ್ಟೇ ನೀರು ಹರಿದು ಬರುತ್ತಿದ್ದರೆ ಏರಿಯ ಗತಿ ಏನಾಗುತ್ತದೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಸಾಲದೆಂಬಂತೆ ನೀರಿನ ಮಾತ್ರೆ ಪೊಟ್ಯಾಸಿಯಂ ಇಳಿಸುತ್ತದೆ, ಪೊಟ್ಯಾಸಿಯಂ ಇಳಿದಾಗ ಡಿಗಾಕ್ಸಿನ್ ಇನ್ನಷ್ಟು ಕಾಡುತ್ತದೆ. ಊಟ ಸೇರದಿರುವುದು, ವಾಕರಿಕೆ, ಹಳದಿ ಬೆಳಕು ಮೂರೂ ಡಿಗಾಕ್ಸಿನ್ ಹೆಚ್ಚಾದುದರ ಗುರುತುಗಳು.

ರಕ್ತದಲ್ಲಿ ಮದ್ದಿನ ಮಟ್ಟ ನೋಡಬೇಕೆಂದು ವೈದ್ಯರಿಗೆ ಹೇಳಿದೆ, ಒಪ್ಪಿದರು. ಇಲ್ಲಿ ಗಡಿಯಾರ ಮುಖ್ಯ. ಮಾತ್ರೆ ನುಂಗಿ ಕನಿಷ್ಠ ಆರು ಗಂಟೆ ಕಳೆಯದೆ ರಕ್ತ ತೆಗೆದರೆ, ಮದ್ದು ಇನ್ನೂ ಅಂಗಾಂಶಗಳಿಗೆ ಹರಡಿರುವುದಿಲ್ಲ. ಸಂಖ್ಯೆ ಸುಳ್ಳೇ ಹೆಚ್ಚು ಬರುತ್ತದೆ. ಎಂಟಕ್ಕೆ ಮಾತ್ರೆ, ಒಂಬತ್ತಕ್ಕೆ ರಕ್ತ ಎಂಬ ವಾರ್ಡಿನ ರೂಢಿ ತಪ್ಪಿಸಲು ಬೆಳಗಿನ ಮಾತ್ರೆಗೆ ಮುಂಚೆಯೇ ತೆಗೆಸಿದೆವು. ಬಂದದ್ದು ಮಿಲಿಲೀಟರಿಗೆ 2.6 ನ್ಯಾನೋಗ್ರಾಂ. ಹೃದಯದ ದೌರ್ಬಲ್ಯಕ್ಕೆ 0.5ರಿಂದ 0.9 ಸಾಕು.

ಮಾತ್ರೆ ನಿಲ್ಲಿಸಿ, ಪೊಟ್ಯಾಸಿಯಂ ಸರಿಪಡಿಸಿ, ಕೆಲವು ದಿನಗಳ ಮೇಲೆ ವೈದ್ಯರು ಕಡಿಮೆ ಡೋಸಿನಲ್ಲಿ ಮತ್ತೆ ಆರಂಭಿಸಿದರು. ಮೂರನೆಯ ದಿನವೇ ‘ಮತ್ತೆ ರಕ್ತ ನೋಡೋಣವೇ?’ ಎಂದು ಮಗ ಕೇಳಿದ. ಬೇಡವೆಂದೆ. ಡೋಸ್ ಬದಲಿಸಿದ ಮೇಲೆ ಮಟ್ಟ ಒಂದು ಕಡೆ ನಿಲ್ಲಲು ಕಿಡ್ನಿ ಚೆನ್ನಾಗಿದ್ದವರಲ್ಲೇ ಒಂದು ವಾರ ಹಿಡಿಯುತ್ತದೆ, ಅಜ್ಜಿಯಂಥವರಲ್ಲಿ ಎರಡು ಮೂರು ವಾರ. ಅದಕ್ಕೆ ಮೊದಲು ಮಾಡಿಸುವ ಪರೀಕ್ಷೆ ದಂಡ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಸಿಟ್ರೋಂ ಮಾತ್ರೆಗಳದು ಬೇರೆ ಬಗೆಯ ಕಥೆ. ಅಲ್ಲಿ ಲೆಕ್ಕ ಕೆಡಿಸುವುದು ಸೊಪ್ಪಿನಲ್ಲಿರುವ ವಿಟಮಿನ್ ಕೆ. ಸೊಪ್ಪನ್ನೇ ಬಿಡಿ ಎಂದು ಹೆದರಿಸುವವರ ಮಾತು ಕೇಳಬೇಡಿ. ಬಸ್ಸಾರು, ಮಸ್ಸೊಪ್ಪಿಲ್ಲದ ಮನೆ ಈ ಕಡೆ ಎಲ್ಲಿದೆ? ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿಂದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ತಿಳಿಸುವ ಐಎನ್‌ಆರ್ ಪರೀಕ್ಷೆ ನೋಡಿ ಡೋಸನ್ನು ಅದಕ್ಕೆ ಹೊಂದಿಸಬಹುದು. ಒಂದು ತಿಂಗಳು ಮುಟ್ಟದೆ, ಮುಂದಿನ ತಿಂಗಳು ದಿನವೂ ಉಂಡರೆ ಕಷ್ಟ.

ಅಜ್ಜಿ ಒಂದೂವರೆ ತಿಂಗಳ ಮೇಲೆ ಬಂದಾಗ ಹೇಳುವ ಮೊದಲೇ ಚೀಲ ಕೆಳಗಿಟ್ಟು ಯಂತ್ರ ಹತ್ತಿದರು. 41 ಕಿಲೋ; ಮುದ್ದೆ ಸೇರುತ್ತಿದೆಯಂತೆ. ಕ್ರಿಯಾಟಿನಿನ್ ಅದೇ 1.1. ಲೆಕ್ಕ ಹಾಕಿದೆ, 30ರ ಹತ್ತಿರ ಬಂತು. ಡೋಸ್ ಇದ್ದಂತೆಯೇ ಮುಂದುವರಿಯಿತು.