ದೂರದ ಬೇಟೆಗೆ ಯಾವ ತೋಟಾ? ಮೊದಲು ಗುಂಡು ನೋಡಿ

ಶಿವಮೊಗ್ಗದಲ್ಲಿ ಕೋವಿ ರಿಪೇರಿ ಮಾಡುವ ನನಗೆ ಬರುವ ಪ್ರಶ್ನೆಗಳು ಬದಲಾಗಿವೆ. ಮೊದಲೆಲ್ಲ ಕುದುರೆ ಸಡಿಲವಾಗಿದೆ, ನಳಿಗೆಗೆ ತುಕ್ಕು ಹಿಡಿದಿದೆ ಎಂದು ಬರುತ್ತಿದ್ದರು. ಈಗ ತೀರ್ಥಹಳ್ಳಿ, ಸಾಗರದ ಕಡೆಯ ಹುಡುಗರು ಅಮೆರಿಕದಿಂದ ರಜೆಗೆ ಬಂದಾಗ ಅಪ್ಪನ ಜೋಡುನಳಿಗೆ ಕೋವಿ ಸರ್ವೀಸಿಗೆ ಅಪ್ಪನ ಜೊತೆ ಬರುತ್ತಾರೆ. ಕೋವಿ ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳುತ್ತಾರೆ: "ಅಣ್ಣಾ, ಅಲ್ಲಿ ಬೇಟೆ ಲೈಸೆನ್ಸ್ ಮಾಡಿಸಿದೀನಿ. 6.5 ಕ್ರೀಡ್‌ಮೋರ್ ತಗೊಳ್ಳಲಾ, .300 ವಿಂಚೆಸ್ಟರ್ ಮ್ಯಾಗ್ನಮ್ ತಗೊಳ್ಳಲಾ?"

ಲೈಸೆನ್ಸಿನ ಮಾತು ಸುಮ್ನೆ ಬಂದದ್ದಲ್ಲ. ಎಚ್-1ಬಿ ಥರದ ವೀಸಾದಲ್ಲಿ ಇರುವವರು ಕೋವಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು.

ಆದರೆ ಅವರು ಕೇಳುವ ಪ್ರಶ್ನೆ ತಲೆಕೆಳಗಾಗಿದೆ. ಎಲ್ಲರೂ ಹೀಗೆ ಕ್ರೀಡ್‌ಮೋರ್, ಮ್ಯಾಗ್ನಮ್ ಎಂದು ತೋಟಾದ ಹೆಸರಿನಿಂದ ಶುರು ಮಾಡುತ್ತಾರೆ. ತೋಟಾ ಅಂದರೆ ಹಿತ್ತಾಳೆ ಕೊಳವೆ, ಮದ್ದು, ಕೇಪು, ಗುಂಡು ಎಲ್ಲ ಸೇರಿದ್ದು. ಪ್ರಾಣಿಯ ತನಕ ಹೋಗುವುದು ಗುಂಡು ಮಾತ್ರ. ಅದು ಅಲ್ಲಿಗೆ ಎಷ್ಟು ವೇಗದಲ್ಲಿ ತಲುಪುತ್ತದೆ, ಆ ವೇಗದಲ್ಲಿ ಅರಳುತ್ತದೋ ಇಲ್ಲವೋ, ಇದನ್ನು ಮೊದಲು ನೋಡಬೇಕು.

ಬೇಟೆಯ ಗುಂಡು ಒಳಹೊಕ್ಕ ಮೇಲೆ ಮೂತಿ ಅರಳಿ ಅಗಲವಾಗಬೇಕು. ಆಗ ಮಾತ್ರ ಪ್ರಾಣಿ ಬೇಗ ಬೀಳುತ್ತದೆ, ನರಳುವುದಿಲ್ಲ. ಹಾಗೆ ಅರಳಲು ಒಂದು ಕನಿಷ್ಠ ವೇಗ ಬೇಕು. ಸೀಸದ ತಿರುಳಿನ ಸಾಮಾನ್ಯ ಗುಂಡುಗಳಿಗೆ ಇದು ಸೆಕೆಂಡಿಗೆ ಸುಮಾರು 550 ಮೀಟರ್. ಪೂರ್ತಿ ತಾಮ್ರದ ಗುಂಡುಗಳಲ್ಲಿ ಹಲವಕ್ಕೆ 600 ಮೀಟರ್ ಹತ್ತಿರ ಬೇಕು. ಅದಕ್ಕಿಂತ ನಿಧಾನವಾದರೆ ಗುಂಡು ಸೂಜಿಯ ಹಾಗೆ ಆರ್‌ಪಾರ್ ಹೋಗುತ್ತದೆ. ಗಾಯಗೊಂಡ ಪ್ರಾಣಿ ಓಡಿಹೋಗಿ ಎಲ್ಲೋ ಸಾಯುತ್ತದೆ. ಹಾಗಾಗಿ ನಿಮ್ಮ ಗರಿಷ್ಠ ದೂರ ಯಾವುದು ಅಂದರೆ, ಗುಂಡಿನ ವೇಗ ಈ ಗೆರೆಗಿಂತ ಕೆಳಗಿಳಿಯುವ ಜಾಗ. ಅದರಾಚೆಗೆ ಕೋವಿಯ ಮೇಲಿನ ದುರ್ಬೀನಿನಲ್ಲಿ ಎಷ್ಟು ಚೆನ್ನಾಗಿ ಕಂಡರೂ ಲೆಕ್ಕಕ್ಕಿಲ್ಲ.

ಈಗ ತೋಟಾಗಳನ್ನು ಹೋಲಿಸೋಣ. .308 ವಿಂಚೆಸ್ಟರ್ 1952ರದ್ದು. ಅದರ 168 ಗ್ರೇನ್ ಗುಂಡು ಅಂದರೆ ಹತ್ತಿರಹತ್ತಿರ 11 ಗ್ರಾಂ. ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಟು, 450 ಮೀಟರ್ ಹೊತ್ತಿಗೆ 550ರ ಆಸುಪಾಸಿಗೆ ಇಳಿದಿರುತ್ತದೆ. 2007ರಲ್ಲಿ ಹಾರ್ನಡಿ ಕಂಪನಿ ತಂದ 6.5 ಕ್ರೀಡ್‌ಮೋರ್‌ನ 143 ಗ್ರೇನ್ ಗುಂಡು ಅದಕ್ಕಿಂತ ಹಗುರ, ಹೊರಡುವ ವೇಗ ಹೆಚ್ಚುಕಡಿಮೆ ಅಷ್ಟೇ. ಆದರೂ ಅದು ಇನ್ನೂ ನೂರು ಮೀಟರ್ ಜಾಸ್ತಿ ದೂರ ಆ ವೇಗ ಉಳಿಸಿಕೊಳ್ಳುತ್ತದೆ. ಕಾರಣ ಆಕಾರ. ಸಪೂರ, ಉದ್ದ, ಚೂಪು ಮೂತಿ. ಗಾಳಿ ಸೀಳುವ ಈ ಗುಣವನ್ನು ಅಳೆಯುವ ಅಂಕಿಗೆ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್ ಎನ್ನುತ್ತಾರೆ, ಹಲವು ಡಬ್ಬಿಗಳ ಮೇಲೇ ಬರೆದಿರುತ್ತದೆ. ಅಂಕಿ ದೊಡ್ಡದಿದ್ದಷ್ಟೂ ಒಳ್ಳೆಯದು.

ಗುಂಡು ಕೆಳಗೆ ಬೀಳುವುದರ ಬಗ್ಗೆ ಎಲ್ಲರಿಗೂ ಚಿಂತೆ. 200 ಗಜಕ್ಕೆ ಗುರಿ ಕೂರಿಸಿದ, ಅಂದರೆ ಅಷ್ಟು ದೂರದಲ್ಲಿ ಗುರಿಯಿಟ್ಟಲ್ಲೇ ಗುಂಡು ಬೀಳುವ ಹಾಗೆ ದುರ್ಬೀನು ಹೊಂದಿಸಿದ ಕ್ರೀಡ್‌ಮೋರ್ 500 ಗಜದಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ ಕೆಳಗೆ ಬೀಳುತ್ತದೆ. ಇದು ದೊಡ್ಡ ವಿಷಯವೇ ಅಲ್ಲ. ದೂರ ಅಳೆಯಲು ರೇಂಜ್‌ಫೈಂಡರ್ ಇದೆ, ದುರ್ಬೀನಿನ ಗುಂಡಿ ತಿರುಗಿಸಿದರೆ ಆಯಿತು. ಕೆಡಿಸುವುದು ಅಡ್ಡಗಾಳಿ. ಗಂಟೆಗೆ 16 ಕಿಲೋಮೀಟರ್ ಅಡ್ಡಗಾಳಿ ಇದ್ದರೆ ಅದೇ 500 ಗಜದಲ್ಲಿ .308ರ ಗುಂಡು ಸುಮಾರು ಅರ್ಧ ಮೀಟರ್ ಸರಿಯುತ್ತದೆ. ಕ್ರೀಡ್‌ಮೋರ್ ಆದರೆ ಒಂದಡಿಗೆ ಸ್ವಲ್ಪ ಮೇಲೆ. ಕಣಿವೆಯ ಈಚೆ ಒಂದು ಗಾಳಿ, ಆಚೆ ಇನ್ನೊಂದು. ಅದನ್ನು ಅಳೆಯುವ ಗುಂಡಿ ಯಾವ ದುರ್ಬೀನಿನಲ್ಲೂ ಇಲ್ಲ. ಸಾಲದ್ದಕ್ಕೆ ಗುಂಡು ಅಲ್ಲಿಗೆ ಹೋಗಲು ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗೆ ಹಿಡಿದ ಗುರಿ ಹೊಟ್ಟೆಗೆ ಬೀಳುತ್ತದೆ.

ಹಾಗಾದರೆ 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಬೇಡವಾ? ಎಲ್ಕ್ ಥರದ ದೊಡ್ಡ ಪ್ರಾಣಿಗೆ, ಅದೂ 300 ಮೀಟರ್ ದಾಟಿದರೆ, ನಾನು ಅದರ ಕಡೆಗೇ. ಆದರೆ ಅದು ಕ್ರೀಡ್‌ಮೋರ್‌ನ ಹತ್ತಿರಹತ್ತಿರ ಎರಡು ಪಟ್ಟು ಒದೆಯುತ್ತದೆ. ಒದೆತಕ್ಕೆ ಹೆದರಿದವನು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ. ಮೊದಲ ರೈಫಲ್ ಕೊಳ್ಳುವವರಿಗೆ, ಸಾಮಾನ್ಯ ಜಿಂಕೆಗೆ, ಕ್ರೀಡ್‌ಮೋರ್ ಅಥವಾ .308 ಸಾಕು. ಉಳಿದ ದುಡ್ಡಿಗೆ ತೋಟಾ ಕೊಂಡು ರೇಂಜಿಗೆ ಹೋಗಿ ಅಭ್ಯಾಸ ಮಾಡಿ.

ಗುಂಡಿನ ಒಳರಚನೆ ಬಗ್ಗೆ ಇನ್ನೊಂದು ಮಾತು. ದೂರದಲ್ಲಿ ಚೆನ್ನಾಗಿ ಅರಳುವ ಮೆತ್ತನೆಯ ಗುಂಡು ಹತ್ತಿರದಲ್ಲಿ ಚೂರುಚೂರಾಗಬಹುದು. 1940ರ ದಶಕದಲ್ಲಿ ಜಾನ್ ನಾಸ್ಲರ್ ಎಂಬಾತನಿಗೆ ಕೆನಡಾದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆಯಲ್ಲಿ ಆದದ್ದು ಇದೇ. ಕೆಸರು ಮೆತ್ತಿದ ಹೆಗಲಿಗೆ ಬಡಿದ ಗುಂಡುಗಳು ಒಳಗಿಳಿಯದೆ ಒಡೆದವು. ಆತ ಗುಂಡಿನ ನಡುವೆ ಒಂದು ಅಡ್ಡಗೋಡೆ ಇಟ್ಟ. ಮುಂದಿನ ಭಾಗ ಅರಳಿದರೂ ಹಿಂದಿನದು ಗಟ್ಟಿ ಉಳಿಯುತ್ತದೆ. ಆ ಪಾರ್ಟಿಶನ್ ಗುಂಡು 1948ರಿಂದ ಇವತ್ತಿನವರೆಗೂ ಮಾರಾಟದಲ್ಲಿದೆ. ಸೀಸವನ್ನು ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡುಗಳೂ ಇದೇ ಕೆಲಸ ಮಾಡುತ್ತವೆ. ಪಂದ್ಯಕ್ಕೆ ಮಾಡಿದ ಮ್ಯಾಚ್ ಗುಂಡು ಎಷ್ಟೇ ಕರಾರುವಾಕ್ಕಾಗಿದ್ದರೂ ಬೇಟೆಗೆ ಒಯ್ಯಬೇಡಿ. ಅದನ್ನು ಕಾಗದ ತೂತು ಮಾಡಲು ಮಾಡಿದ್ದು.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಈ ಆಯ್ಕೆಯೇ ಇಲ್ಲ. 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸ ಪೂರ್ತಿ ನಿಷೇಧ. ಸೀಸದ ಚೂರಿರುವ ಮಾಂಸ ತಿಂದು ಕಾಂಡೋರ್ ಹದ್ದುಗಳು ಸಾಯುತ್ತಿದ್ದವು. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಬೇಕಾದರೆ ನಳಿಗೆಯೊಳಗೆ ಗುಂಡನ್ನು ತಿರುಗಿಸುವ ಸುರುಳಿ ಗೆರೆ ಬಿಗಿಯಾಗಿರಬೇಕು. ಕ್ರೀಡ್‌ಮೋರ್ ನಳಿಗೆಯಲ್ಲಿ ಸಾಮಾನ್ಯವಾಗಿ 8 ಇಂಚಿಗೆ ಒಂದು ಸುತ್ತು, ತೊಂದರೆಯಿಲ್ಲ. ಹಳೆಯ ರೈಫಲ್ ಆದರೆ ಕೇಳಿ ತಿಳಿದುಕೊಳ್ಳಿ.

ಮಲೆನಾಡಿನ ಹುಡುಗರು ತಪ್ಪದೆ ಕೇಳುವುದು ಮಳೆಗಾಲದ ಗಾಳಿ ಬಗ್ಗೆ. ಒದ್ದೆ ಗಾಳಿ ಭಾರ, ಗುಂಡನ್ನು ಜಾಸ್ತಿ ತಡೆಯುತ್ತದೆ ಅಂತ ನಂಬಿಕೆ. ಉಲ್ಟಾ. ನೀರಾವಿ ಒಣಗಾಳಿಗಿಂತ ಹಗುರ. ವ್ಯತ್ಯಾಸ ಎಷ್ಟು ಸಣ್ಣದೆಂದರೆ ಮರೆತುಬಿಡಬಹುದು. ಎತ್ತರ ಮಾತ್ರ ಮರೆಯಬೇಡಿ. ಸಮುದ್ರಮಟ್ಟದ ಹತ್ತಿರದ ಹ್ಯೂಸ್ಟನ್‌ನಲ್ಲಿ ಗುರಿ ಕೂರಿಸಿ ಕೊಲರಾಡೋದ 3000 ಮೀಟರ್ ಎತ್ತರಕ್ಕೆ ಹೋದರೆ ಗಾಳಿ ತೆಳು. ದೂರದ ಗುಂಡು ಲೆಕ್ಕಕ್ಕಿಂತ ಮೇಲೆ ಬೀಳುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು, "ಹಾಗಾದ್ರೆ ನಮ್ಮ ತೋಟದ ಹಂದಿಗೆ ಯಾವುದು ಒಳ್ಳೇದಣ್ಣಾ?" ಅನ್ನುತ್ತಾರೆ. ಯಾವುದೂ ಅಲ್ಲ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಬೆಳೆ ರಕ್ಷಣೆಗೆ ಅಂತ ಕೋವಿ ಲೈಸೆನ್ಸ್ ಇದ್ದ ಮಾತ್ರಕ್ಕೆ ಪ್ರಾಣಿ ಹೊಡೆಯಬಹುದು ಅಂತ ಅರ್ಥ ಅಲ್ಲ. ಬೆಳೆ ಹಾಳು ಮಾಡುವ ಪ್ರಾಣಿಯಾದರೂ 11ನೇ ಸೆಕ್ಷನ್ ಪ್ರಕಾರ ಅರಣ್ಯ ಇಲಾಖೆಯ ಅಧಿಕಾರಿಯಿಂದ ಬರಹದಲ್ಲಿ ಅನುಮತಿ ಬೇಕು. ಅದೂ ಅಲ್ಲದೆ, ಅಡಿಕೆ ಸಾಲಿನ ನಡುವೆ ನೂರು ಮೀಟರ್ ಎಲ್ಲಿ ಕಾಣುತ್ತದೆ? ರೈಫಲ್ ಗುಂಡು ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಸಣ್ಣ .22 ಕೂಡ ಒಂದೂವರೆ ಕಿಲೋಮೀಟರ್ ದಾಟಬಲ್ಲದು. ತೋಟದ ಆಚೆ ಇರುವುದು ಪಕ್ಕದವರ ಮನೆ ಅಲ್ವಾ?

ಅಮೆರಿಕದಿಂದ ಊರಿಗೆ ಹೊರಡುವಾಗ ಬೇಟೆಗೆ ಒಯ್ದ ಬ್ಯಾಗನ್ನೇ ತುಂಬಿಕೊಂಡು ಬರಬೇಡಿ. ಬೇರೆ ಬ್ಯಾಗ್ ಇಲ್ಲದಿದ್ದರೆ ಪ್ರತಿ ಜೇಬನ್ನೂ ತಿರುವಿ ನೋಡಿ. ಮೂಲೆಯಲ್ಲಿ ಒಂದೇ ಒಂದು ಜೀವಂತ ತೋಟಾ ಉಳಿದಿದ್ದು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ ಆಯುಧ ಕಾಯ್ದೆಯಡಿ ಕೇಸು ಬೀಳಬಹುದು.